ಗಂಧದ ಪುಡಿಯ ಭಾನುವಾರಗಳು

ಗಂಧದ ಸಾಬೂನಿನ ವಾಸನೆ ಮೂಗಿಗೆ ಬಿದ್ದರೆ ನನಗೆ ‘ಆಮೆನ್’ ಅನ್ನಬೇಕು ಅನ್ನಿಸುತ್ತದೆ. ನಗಬೇಡಿ. ಮೊನ್ನೆ ಮನೆಗೆ ಬಂದಿದ್ದ ತಂಗಿಯ ಮಗಳು ಬಚ್ಚಲಲ್ಲಿ ಹೊಸ ಸಾಬೂನೊಂದನ್ನು ಇಟ್ಟಿದ್ದಳು. ಬೆಳಿಗ್ಗೆ ಮುಖ ತೊಳೆಯಲು ಹೋಗಿ ಕಾಗದ ಬಿಚ್ಚಿದೆ, ಬಾಯಿಂದ ತಾನಾಗಿಯೇ ಜೋರಾಗಿ ‘ಆಮೆನ್’ ಬಂತು. ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಹುಡುಗಿ, “ಏನಾಯ್ತು ದೊಡ್ಡಮ್ಮ, ಬಿದ್ರಾ?” ಎಂದು ಬಾಯಲ್ಲಿ ನೊರೆ ತುಂಬಿಕೊಂಡೇ ಓಡಿಬಂದಳು. ಬಿದ್ದಿಲ್ಲ ಅಂತ ಅವಳನ್ನು ನಂಬಿಸುವುದೇ ಕಷ್ಟವಾಯಿತು.

ನಮ್ಮ ಪಂಗಡದವರ ದೇವಾಲಯದಲ್ಲಿ ಧೂಪವಿಲ್ಲ, ಗಂಧವಿಲ್ಲ. ಸುಣ್ಣದ ಗೋಡೆ, ಬೆಂಚು, ಮುಂದೊಂದು ಮೇಜು, ಮೇಜಿನ ಮೇಲೆ ಕಸೂತಿ ಹಾಕಿದ ಬಟ್ಟೆ, ಅಷ್ಟೆ. ಹಾಗಿದ್ದರೆ ಗಂಧಕ್ಕೂ ಆಮೆನ್ನಿಗೂ ಗಂಟು ಬಿದ್ದದ್ದು ಹೇಗೆ? ಅದಕ್ಕೆ ಮಲೆನಾಡಿನ ಸಾಗರ ಅನ್ನುವ ಊರು ಕಾರಣ. ಆದರೆ ನಾನು ಸಾಗರಕ್ಕೆ ಹೋಗಬೇಕಾದರೆ ಮೊದಲು ಹೊಸನಗರಕ್ಕೆ ಬರಬೇಕು. ಹೊಸನಗರಕ್ಕೆ ಬರಬೇಕಾದರೆ ಅದಕ್ಕೂ ಮೊದಲು ನಮ್ಮಪ್ಪನ ಊಟದ ಪ್ರಾರ್ಥನೆ ಮುಗಿಯಬೇಕು. ಅದು ಅಷ್ಟು ಬೇಗ ಮುಗಿಯುವಂಥದ್ದಲ್ಲ.

ನಮ್ಮಪ್ಪ ಉಪದೇಶಿ. ಎಂದರೆ ಪೂರ್ತಿ ಪಾದ್ರಿಯೂ ಅಲ್ಲ, ಬರೀ ಸಭೆಯವನೂ ಅಲ್ಲ. ಸೈಕಲ್ಲಿನ ಮೇಲೆ ಹಳ್ಳಿಹಳ್ಳಿ ಸುತ್ತಬೇಕು, ಪಾದ್ರಿ ಅಯ್ಯನವರು ಬಾರದ ಭಾನುವಾರ ಆರಾಧನೆ ನಡೆಸಬೇಕು, ಮಕ್ಕಳಿಗೆ ಕೀರ್ತನೆ ಕಲಿಸಬೇಕು, ಯಾರಾದರೂ ತೀರಿಕೊಂಡರೆ ಗುಂಡಿ ತೋಡುವವರನ್ನು ಹುಡುಕಿಕೊಂಡು ಬರಬೇಕು. ಚಿತ್ರದುರ್ಗದ ಕಡೆಯ ನಮ್ಮ ಊರಲ್ಲಿ ನೀರಿಗೆ ಬರವಿದ್ದರೂ ಅಪ್ಪನ ಮಾತಿಗೆ ಬರವಿರಲಿಲ್ಲ. ರಾತ್ರಿ ಊಟಕ್ಕೆ ಕೂತರೆ ಅವರ ಪ್ರಾರ್ಥನೆ ಆಕಾಶ ಭೂಮಿಗಳ ಸೃಷ್ಟಿಯಿಂದ ಶುರುವಾಗುತ್ತಿತ್ತು. ಆಮೇಲೆ ಲೋಕದ ಅರಸರು, ಮಂತ್ರಿಗಳು, ಅಧಿಕಾರಿಗಳು. ಆಮೇಲೆ ಸಮುದ್ರದ ಮೇಲೆ ಪ್ರಯಾಣ ಮಾಡುವವರು. ನಮ್ಮೂರಿನಿಂದ ಸಮುದ್ರ ಎಲ್ಲಿದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ರೋಗಿಗಳು, ವಿಧವೆಯರು, ಅನಾಥರು. ಕೊನೆಗೆ ತಟ್ಟೆಯಲ್ಲಿದ್ದ ಮುದ್ದೆ.

ನಮ್ಮಮ್ಮ ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಳು. ಅಪ್ಪ ‘ಅರಸರು, ಮಂತ್ರಿಗಳು’ ಅಂದಾಗ ಸದ್ದಾಗದಂತೆ ಎದ್ದು ಸಾರನ್ನು ಒಲೆಯ ಮೇಲಿಡುತ್ತಿದ್ದಳು. ‘ಅನಾಥರು’ ಬರುವಷ್ಟರಲ್ಲಿ ಸಾರು ಕುದಿ ಬಂದಿರುತ್ತಿತ್ತು. ನಾವು ಮಕ್ಕಳು ಕಣ್ಣು ಮುಚ್ಚಿಕೊಂಡೇ ಒಗ್ಗರಣೆಯ ವಾಸನೆಯಿಂದ ಪ್ರಾರ್ಥನೆ ಎಲ್ಲಿಗೆ ಬಂತು ಅಂತ ತಿಳಿದುಕೊಳ್ಳುತ್ತಿದ್ದೆವು. ಅಪ್ಪನಿಗೆ ಇದು ಕೊನೆಯವರೆಗೂ ಗೊತ್ತಾಗಲಿಲ್ಲ. ಮನೆಯಲ್ಲಿ ಸಾರು ಯಾವಾಗಲೂ ಬಿಸಿಯಾಗಿಯೇ ಇರುವುದು ದೇವರ ಕೃಪೆ ಅಂದುಕೊಂಡಿದ್ದರು. ನನ್ನ ಹೆಸರೂ ಕೃಪಾವತಿ.

ಇಂಥ ಮನೆಯಲ್ಲಿ ಹುಟ್ಟಿದವಳಿಗೆ ನಂಬಿಕೆ ಅನ್ನುವುದು ಮನೆಯ ಮರದ ಪೆಟ್ಟಿಗೆ ಇದ್ದಹಾಗೆ. ಅದು ಯಾವಾಗಲೂ ಮೂಲೆಯಲ್ಲಿರುತ್ತದೆ, ಮೇಲೆ ಕೂರಬಹುದು, ಬಟ್ಟೆ ಇಡಬಹುದು. ಒಳಗೇನಿದೆ ಅಂತ ಯಾರೂ ದಿನಾ ತೆಗೆದು ನೋಡುವುದಿಲ್ಲ. ಕೀರ್ತನೆಗಳೆಲ್ಲ ನನಗೆ ಬಾಯಿಪಾಠ. ಪ್ರಾರ್ಥನೆ ಮಾಡು ಅಂದರೆ ಸಾಕು, ಅಪ್ಪನ ಅರಸರು, ಮಂತ್ರಿಗಳು, ಸಮುದ್ರದ ಪ್ರಯಾಣಿಕರು ಎಲ್ಲರೂ ಸಾಲಾಗಿ ನನ್ನ ಬಾಯಿಂದಲೂ ಹೊರಟುಬಿಡುತ್ತಿದ್ದರು.

ಅಪ್ಪ ತೀರಿಕೊಂಡದ್ದು ಒಂದು ಬೇಸಿಗೆಯಲ್ಲಿ. ಹಳ್ಳಿಯಿಂದ ಸೈಕಲ್ಲು ತುಳಿದುಕೊಂಡು ಬಂದವರು ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತರು, ಮತ್ತೆ ಏಳಲಿಲ್ಲ. ‘ಸತ್ತವರು ಮತ್ತೆ ಏಳುತ್ತಾರೆ ಅನ್ನುವ ನಿರೀಕ್ಷೆ ಇಲ್ಲದವರ ಹಾಗೆ ಅಳಬಾರದು’ ಅಂತ ಅವರೇ ಎಷ್ಟೋ ಸಾವಿನ ಮನೆಗಳಲ್ಲಿ ಹೇಳಿದ್ದನ್ನು ನಾನು ಕೇಳಿದ್ದೆ. ಆ ಮಾತನ್ನು ಪಾಲಿಸಿದೆ. ಅಮ್ಮ, ತಂಗಿ ಎಲ್ಲರೂ ಅಳುತ್ತಿದ್ದಾಗ ಗುಂಡಿಯ ಪಕ್ಕ ನಿಂತು ಗಟ್ಟಿ ದನಿಯಲ್ಲಿ ಕೀರ್ತನೆ ಎತ್ತಿಕೊಟ್ಟವಳು ನಾನೇ. ಒಂದು ಸ್ವರ ತಪ್ಪಲಿಲ್ಲ. “ಎಂಥ ವಿಶ್ವಾಸ ನೋಡಿ ಈ ಹುಡುಗಿಯದು!” ಅಂತ ಜನ ಹೊಗಳಿದರು. ಆ ದುಃಖದಲ್ಲೂ ನನಗೆ ಅದು ಸ್ವಲ್ಪ ಖುಷಿ ಕೊಟ್ಟಿತು.

ಅದಾದ ಮೇಲೆ ನನಗೆ ಗ್ರಾಮಸೇವಿಕೆಯ ಕೆಲಸ ಸಿಕ್ಕಿ ಹೊಸನಗರಕ್ಕೆ ಹಾಕಿದರು. ಹಳ್ಳಿಯ ಹೆಂಗಸರಿಗೆ ಹೊಗೆಯಿಲ್ಲದ ಒಲೆ, ಕೈತೋಟ, ಮಕ್ಕಳ ಆಹಾರ ಇವೆಲ್ಲ ಹೇಳಿಕೊಡುವ ಕೆಲಸ. ಮೊದಲು ಹೋದ ಹಳ್ಳಿಯಲ್ಲೇ ಒಬ್ಬ ಅಜ್ಜಿ ‘ಗ್ರಾಮಸೇವಿಕೆ’ ಅನ್ನುವುದನ್ನು ‘ಶಾವಿಗೆ’ ಅಂತ ಕೇಳಿಸಿಕೊಂಡು, “ಎಷ್ಟಕ್ಕೆ ಕೊಡ್ತೀಯ? ಗೋಧೀದಾ, ಅಕ್ಕೀದಾ?” ಎಂದು ವಿಚಾರಿಸಿದಳು. ಅಲ್ಲಿಂದ ಸುತ್ತಮುತ್ತಲ ಊರಿಗೆಲ್ಲ ನಾನು ‘ಶಾವಿಗೆಮ್ಮ’. ಬಸ್ಸಿನ ಕಂಡಕ್ಟರ್ ಕೂಡ, “ಶಾವಿಗೆಮ್ಮ ಇಳೀತಾರೆ, ಹೋಲ್ಡಾನ್!” ಅಂತ ಕೂಗುತ್ತಿದ್ದ.

ಹೊಸನಗರದಲ್ಲಿ ನಾನು ಬಾಡಿಗೆಗಿದ್ದದ್ದು ಗಂಗಕ್ಕನ ಮನೆಯ ಹೊರಕೋಣೆಯಲ್ಲಿ. ಗಂಗಕ್ಕನ ಗಂಡನದು ಪೇಟೆಯಲ್ಲಿ ಸೈಕಲ್ ಶಾಪು. ಅವಳ ತವರು ತೀರ್ಥಹಳ್ಳಿ ಕಡೆ, ಕವಲೇದುರ್ಗದ ಬುಡದ ಹಳ್ಳಿ. ಮಾತಿಗೆ ಮೊದಲು ನಗು, ನಗುವಿಗೆ ಮೊದಲು ಪ್ರಶ್ನೆ, ಇದು ಗಂಗಕ್ಕ. ಮಕ್ಕಳೆಲ್ಲ ದೊಡ್ಡವರಾಗಿ ಹೋಗಿದ್ದರಿಂದ ವಿಚಾರಿಸಿಕೊಳ್ಳಲು ಅವಳಿಗೆ ನಾನೊಬ್ಬಳೇ ಉಳಿದಿದ್ದೆ.

ಊರಲ್ಲಿ ನಮ್ಮ ಪಂಗಡದವರು ಯಾರೂ ಇರಲಿಲ್ಲ. ದೇವಾಲಯದ ಮಾತಂತೂ ದೂರ. ನಿಜ ಹೇಳುತ್ತೇನೆ, ಮೊದಮೊದಲು ನನಗೆ ರಜಾ ಸಿಕ್ಕಿದ ಹಾಗಾಯಿತು. ಹುಟ್ಟಿದಾಗಿನಿಂದ ಒಂದು ಭಾನುವಾರವಾದರೂ ಹೊದ್ದುಕೊಂಡು ಮಲಗಿದವಳಲ್ಲ. ಈಗ ಬಿಸಿಲು ಕಿಟಕಿಗೆ ಬರುವತನಕ ಮಲಗುತ್ತಿದ್ದೆ. ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಳ್ಳುತ್ತಿದ್ದೆ. ಮಧ್ಯಾಹ್ನ ಮತ್ತೆ ಮಲಗುತ್ತಿದ್ದೆ.

ಸ್ವಲ್ಪ ಕಾಲ ಹೀಗೆ ಸುಖವಾಗಿ ಹೋಯಿತು. ಆಮೇಲೆ ಒಂದು ಥರ ಶುರುವಾಯಿತು. ಏನು ಅಂತ ಹೇಳಲಿ? ಹೊಟ್ಟೆ ತುಂಬ ಉಂಡು ಎದ್ದ ಮೇಲೂ ಇನ್ನೇನೋ ತಿನ್ನಬೇಕು ಅನ್ನಿಸುವುದಿಲ್ಲವೇ, ಡಬ್ಬಿ ಡಬ್ಬಿ ತೆಗೆದು ನೋಡಿ ಯಾವುದೂ ಬೇಡವೆನಿಸಿ ಮುಚ್ಚುವುದಿಲ್ಲವೇ, ಹಾಗೆ. ನಾನೂ ನೋಡಿದೆ ಒಂದೊಂದೇ ಡಬ್ಬಿ. ಸ್ವೆಟರ್ ಹೆಣೆಯಲು ಕೂತೆ. ಯಾರಿಗೆ ಅಂತ ಗೊತ್ತಿಲ್ಲದ್ದರಿಂದ ಅದು ಎದೆಯ ಅಳತೆಗೆ ಬಂದಾಗ ನಿಂತುಹೋಯಿತು. ಊರಿಗೆ ಬಂದ ಟೂರಿಂಗ್ ಟಾಕೀಸಿನಲ್ಲಿ ಒಂದೇ ಸಿನಿಮಾ ಮತ್ತೆ ಮತ್ತೆ ನೋಡಿದೆ. ಇಲಾಖೆಯ ಪುಸ್ತಕದಲ್ಲಿ ಹೇಳಿದಂತೆ ಗಂಗಕ್ಕನ ಹಿತ್ತಲಲ್ಲಿ ಬೀನ್ಸ್ ಹಾಕಿದೆ. ಪುಸ್ತಕ ಬರೆದವರು ಹೊಸನಗರದ ಬಸವನಹುಳುವನ್ನು ನೋಡಿರಲಿಲ್ಲ. ಕೆಲಸದಿಂದ ಬಂದು ಕೋಣೆಯ ಬಾಗಿಲು ತೆಗೆದರೆ, ಒಳಗಿನ ಖಾಲಿಯೂ ನನ್ನೊಳಗಿನ ಖಾಲಿಯೂ ಒಂದನ್ನೊಂದು ನೋಡಿಕೊಂಡು ನಿಲ್ಲುತ್ತಿದ್ದವು.

ಪ್ರಾರ್ಥನೆ ಮಾಡಲು ಕೂತಿದ್ದೂ ಉಂಟು. ಅರಸರು, ಮಂತ್ರಿಗಳು ಅನ್ನುವಷ್ಟರಲ್ಲಿ ಮನಸ್ಸು ನಾಳೆಯ ಬಸ್ಸಿಗೆ ಹೋಗುತ್ತಿತ್ತು. ಸಮುದ್ರದ ಪ್ರಯಾಣಿಕರು ಬರುವಷ್ಟರಲ್ಲಿ ಬೀನ್ಸಿಗೆ. ಅಪ್ಪ ಇದೇ ಮಾತುಗಳನ್ನು ಹೇಳುವಾಗ ಎದುರಿಗೆ ಯಾರೋ ಕೂತು ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. ನಾನು ಹೇಳಿದರೆ ಮಾತು ಗೋಡೆಗೆ ತಗುಲಿ ಕೆಳಗೆ ಬೀಳುತ್ತಿತ್ತು. ಕೊನೆಗೆ ಅದನ್ನೂ ಬಿಟ್ಟೆ.

ಗಂಗಕ್ಕನಿಗೆ ಇದು ತಿಳಿಯದೆ ಇರಲಿಲ್ಲ. ಒಂದು ಸಂಜೆ ಹೂ ಕಟ್ಟುತ್ತ ಜಗಲಿಯ ಮೇಲೆ ಕೂತಿದ್ದವಳು ನೇರವಾಗಿ ಕೇಳಿದಳು.

“ಅಲ್ಲ ಕೃಪಮ್ಮ, ಬಂದಾಗಿಂದ ನೋಡ್ತಿದೀನಿ. ನೀವು ದೀಪ ಹಚ್ಚಲ್ಲ, ಸರಿ, ನಿಮ್ಮಲ್ಲಿಲ್ಲ. ಕೈ ಮುಗಿಯೋದೂ ಕಾಣಲ್ಲ. ನಿಮ್ಮವರಿಗೆ ದೇವ್ರು ಇಲ್ವಾ?”

“ಇದಾನೆ ಗಂಗಕ್ಕ.”

“ಇದ್ರೆ ದಿನಕ್ಕೊಂದ್ಸಲ ಮಾತಾಡ್ಸಬೇಕಪ್ಪ. ಮನೇಲಿರೋ ದೊಡ್ಡೋರನ್ನ ಮಾತಾಡ್ಸದೆ ಇದ್ರೆ ಹೆಂಗೆ?”

“ಮಾತು ಬರ್ತಿಲ್ಲ,” ಅಂದೆ. “ಒಳಗಿಂದ ಏನೂ ಬರ್ತಿಲ್ಲ. ಖಾಲಿ ಖಾಲಿ ಅನ್ನಿಸ್ತದೆ.”

ಗಂಗಕ್ಕ ಹೂವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು. ನಾಲಿಗೆ ತೋರಿಸಿ ಅಂದಳು. ತೋರಿಸಿದೆ. “ಪಿತ್ತ ಅಲ್ಲ,” ಎಂದು ತೀರ್ಮಾನಿಸಿದಳು. “ಇದು ನಮ್ಮ ಕಷಾಯಕ್ಕೆ ಹೋಗೋದಲ್ಲ. ನಿಮ್ಮವರೇ ಯಾರಾದ್ರೂ ಬೇಕು.”

ಮಾರನೆಯ ದಿನ ಅವಳು ಹೋಗಿ ಬಸ್ ಕಂಡಕ್ಟರನನ್ನು ಹಿಡಿದಿದ್ದಾಳೆ. ಆಗ ತೀರ್ಥಹಳ್ಳಿ, ಹೊಸನಗರ, ಸಾಗರದ ನಡುವೆ ಓಡಾಡುವ ಸುದ್ದಿಯೆಲ್ಲ ಕಂಡಕ್ಟರರ ಬಾಯಲ್ಲೇ ಇರುತ್ತಿತ್ತು. ಯಾರ ಮನೆಗೆ ಹೆಣ್ಣು, ಯಾರ ಎಮ್ಮೆ ಈದಿದೆ ಎಲ್ಲ ಅವರಿಗೆ ಗೊತ್ತು. “ನಮ್ಮನೆ ಶಾವಿಗೆಮ್ಮಂಗೆ ಅವ್ರ ಕಡೆಯೋರು ಯಾರಾದ್ರೂ ಸಾಗರದಲ್ಲಿದ್ರೆ ಹುಡ್ಕಿಕೊಡು ಮಾರಾಯಾ, ಹುಡುಗಿ ಸೊರಗ್ತಿದೆ,” ಅಂದಳಂತೆ. ಇದನ್ನು ಕೇಳಿದವರು ನನಗೆ ಗಂಡು ಹುಡುಕುತ್ತಿದ್ದಾಳೆ ಅಂದುಕೊಂಡರು. ಹಾಗಾಗಿ ಮುಂದಿನ ವಾರ ಕಪ್ಪು ಕೋಟು, ಕೊಡೆ, ಬಿಳಿ ಮೀಸೆಯ ಒಬ್ಬರು ಬಸ್ಸಿಳಿದು ನಮ್ಮ ಮನೆ ಕೇಳಿದಾಗ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು, ಅಯ್ಯೋ ಪಾಪ ಅನ್ನುವಂತೆ ನನ್ನನ್ನು ನೋಡಿದರು.

ಅವರು ಸಮಾಧಾನಪ್ಪನವರು. ಸಾಗರದ ಆಸ್ಪತ್ರೆಯೊಂದರಲ್ಲಿ ಕಂಪೌಂಡರ್. ಹೆಸರಿಟ್ಟ ತಂದೆತಾಯಿಯನ್ನು ದೇವರು ಕ್ಷಮಿಸಲಿ, ಅಷ್ಟು ಅಸಮಾಧಾನದ ಮನುಷ್ಯರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಬಸ್ಸು ತಡವಾದರೆ ಡ್ರೈವರನಿಗೆ ಬೈಗುಳ, ಬೇಗ ಬಂದರೆ ತಮ್ಮನ್ನು ಬಿಟ್ಟುಹೋಗಲು ಹೂಡಿದ ಸಂಚು. ರೋಗಿಗಳಿಗೆ ಔಷಧಿ ಕೊಡುವಾಗ, “ಮೂರು ಹೊತ್ತು! ಎಷ್ಟು? ಮೂರು!” ಎಂದು ಗದರುತ್ತಿದ್ದರಂತೆ. ಅವರ ಕೈಯ ಔಷಧಿಯಿಂದ ಬೇಗ ಗುಣವಾಗುತ್ತದೆ ಅಂತ ಹೆಸರಿತ್ತು. ಮತ್ತೆ ಹೋಗುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ.

“ವಂದನೆಗಳಮ್ಮ,” ಎಂದು ಜಗಲಿಯ ಮೇಲೆ ಕೂತರು. ಗಂಗಕ್ಕ ಕೊಟ್ಟ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಮುಗಿಸಿದರು. “ನೀವು ಉಪದೇಶಿಗಳ ಮಗಳಂತೆ. ನಿಮ್ಮ ತಂದೆಯವರನ್ನ ಒಂದು ಕೂಟದಲ್ಲಿ ಕಂಡಿದ್ದೆ. ಮೊಣಕಾಲೂರಿ ಪ್ರಾರ್ಥನೆ ಮಾಡಿದ್ರು. ಅವರು ಮುಗಿಸುವಷ್ಟರಲ್ಲಿ ನನ್ನ ಕಾಲು ಜೋಮು ಹಿಡಿದು ಇಬ್ಬರು ಎತ್ತಬೇಕಾಯ್ತು.”

ಅಪ್ಪನ ನೆನಪಿಟ್ಟುಕೊಂಡವರು ಇಷ್ಟು ದೂರದಲ್ಲಿ ಒಬ್ಬರಿದ್ದಾರಲ್ಲ ಅಂತ ನನಗೆ ನಗುವೂ ಬಂತು, ಅಳುವೂ ಬಂತು. ಅದನ್ನು ನುಂಗಿಕೊಂಡೆ.

“ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಸಾಗರಕ್ಕೆ ಬರ್ತೀರಿ. ಆರಾಧನೆ ಇದೆ,” ಅಂದರು. ಅದು ಕೇಳಿದ್ದಲ್ಲ, ಹೇಳಿದ್ದು. ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಹಿಂದಿನಿಂದ ಗಂಗಕ್ಕನ ದನಿ ಬಂತು: “ಬರ್ತಾರೆ, ಬರ್ತಾರೆ. ನಾನು ಎಬ್ಬಿಸಿ ಕಳಿಸ್ತೀನಿ.”

ಹೀಗೆ ನನ್ನ ಮಲಗುವ ಭಾನುವಾರಗಳು ಮುಗಿದವು.

ಸಾಗರದಲ್ಲಿ ನಮ್ಮವರಿಗೆ ಅಂತ ಆಗ ಕಟ್ಟಡವಿರಲಿಲ್ಲ. ಗಂಧದ ಕೆತ್ತನೆ ಮಾಡುವ ಗುಡಿಗಾರರ ಮನೆಯೊಂದರ ಹಿಂಬದಿಯ ಕೋಣೆಯನ್ನು ಸಮಾಧಾನಪ್ಪನವರು ಬಾಡಿಗೆಗೆ ಹಿಡಿದಿದ್ದರು. ಮುಂದಿನ ಜಗಲಿಯಲ್ಲಿ ಮನೆಯ ಹಿರಿಯರು ಕೂತು ಗಣಪತಿಯನ್ನೋ ಆನೆಗಳ ಸಾಲನ್ನೋ ಕೆತ್ತುತ್ತಿದ್ದರು. ಅವರನ್ನು ದಾಟಿಕೊಂಡೇ ನಾವು ಒಳಗೆ ಹೋಗಬೇಕು. ನೆಲದ ತುಂಬ ಗಂಧದ ಹೊಟ್ಟು. ಚಾಪೆ ಕೊಡವಿದರೆ ಗಂಧ, ಕೀರ್ತನೆಯ ಪುಟ ತಿರುವಿದರೆ ಗಂಧ, ಮೊಣಕಾಲೂರಿ ಎದ್ದರೆ ಸೀರೆಯ ತುಂಬ ಗಂಧ. ದೀರ್ಘವಾಗಿ ಉಸಿರೆಳೆದುಕೊಂಡು ‘ಆಮೆನ್’ ಅನ್ನುವಾಗ ಮೂಗಿನ ತುಂಬ ಅದೇ. ಸಾಬೂನಿನ ಗುಟ್ಟು ಇಷ್ಟೇ.

ಬರುತ್ತಿದ್ದವರಲ್ಲಿ ಹೆಚ್ಚಿನವರು ಕಾರ್ಗಲ್ಲಿನವರು. ಲಿಂಗನಮಕ್ಕಿಯಲ್ಲಿ ಅಣೆಕಟ್ಟೆಯ ಕೆಲಸ ನಡೆಯುತ್ತಿದ್ದುದರಿಂದ ಎಲ್ಲೆಲ್ಲಿಯ ಜನವೋ ಬಂದು ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದರು. ತಮಿಳಿನವರು ತಮಿಳಲ್ಲಿ, ಮಲಯಾಳದವರು ಮಲಯಾಳದಲ್ಲಿ, ತೆಲುಗಿನವರು ತೆಲುಗಿನಲ್ಲಿ, ನಾವು ಕನ್ನಡದಲ್ಲಿ ಒಂದೇ ರಾಗಕ್ಕೆ ಒಟ್ಟಿಗೇ ಹಾಡುತ್ತಿದ್ದೆವು. ಯಾರ ಸಾಲು ಉದ್ದವೋ ಅವರು ಕೊನೆಯಲ್ಲಿ ಓಡಿಬಂದು ಸೇರಿಕೊಳ್ಳುತ್ತಿದ್ದರು. ಸಮಾಧಾನಪ್ಪನವರ ಹೆಂಡತಿ ಹಾರ್ಮೋನಿಯಂ ನುಡಿಸುತ್ತಿದ್ದರು. ಸಮಾಧಾನಪ್ಪನವರು ಆರಾಧನೆ ನಡೆಸುತ್ತಿದ್ದರು, ಒಂದು ಕಣ್ಣು ಕೈಗಡಿಯಾರದ ಮೇಲೆ. ಯಾರಾದರೂ ಪ್ರಾರ್ಥನೆಯನ್ನು ಎಳೆದರೆ ಅವರು ಉಸಿರು ತೆಗೆದುಕೊಳ್ಳುವ ಜಾಗ ನೋಡಿ ಗಟ್ಟಿಯಾಗಿ ‘ಆಮೆನ್’ ಅಂದುಬಿಡುತ್ತಿದ್ದರು. ಅಲ್ಲಿಗೆ ಅದು ಮುಗಿಯಿತು.

ನಾನು ಚೆನ್ನಾಗಿ ಹಾಡಿದೆ. ಎಲ್ಲರೂ ಮೆಚ್ಚಿಕೊಂಡರು. ಕಾರ್ಗಲ್ಲಿನ ಹೆಂಗಸರು ಕೈ ಹಿಡಿದುಕೊಂಡು ತಮ್ಮ ತಮ್ಮ ಭಾಷೆಯಲ್ಲಿ ಹೊಗಳಿದರು. ಬಸ್ಸು ಹತ್ತಿ ಹೊಸನಗರಕ್ಕೆ ವಾಪಸ್ಸಾದರೆ ಮತ್ತೆ ಅದೇ ಖಾಲಿ. ಎಷ್ಟೋ ಭಾನುವಾರ ಹೀಗೇ ಹೋಯಿತು. ಮೊದಲಾದರೆ, ದೇವಾಲಯವಿಲ್ಲದ್ದಕ್ಕೆ ಹೀಗಾಗಿದೆ ಅಂದುಕೊಳ್ಳಲು ಒಂದು ನೆಪವಿತ್ತು. ಈಗ ಅದೂ ಇಲ್ಲ. ಹಾಡುತ್ತಿದ್ದೇನೆ, ಮೊಣಕಾಲೂರುತ್ತಿದ್ದೇನೆ, ಆದರೂ ಆ ಕಡೆ ಯಾರೂ ಇಲ್ಲ ಅನ್ನಿಸುವುದು ನಿಂತಿಲ್ಲ. ಬಹುಶಃ ನನಗಿದ್ದದ್ದು ಅಪ್ಪನ ಮೇಲಿನ ನಂಬಿಕೆಯೇ ಹೊರತು ದೇವರ ಮೇಲಿನದ್ದಲ್ಲ, ಅಪ್ಪ ಹೋದರು, ಅದೂ ಹೋಯಿತು ಅನ್ನಿಸತೊಡಗಿತು. ಹಾಗಾದರೆ ಸುಮ್ಮನೆ ಈ ವೇಷ ಯಾಕೆ? ಇನ್ನು ಬರುವುದಿಲ್ಲ ಅಂತ ಸಮಾಧಾನಪ್ಪನವರಿಗೆ ಹೇಳಿಬಿಡಬೇಕು ಅಂತ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಆ ವಾರವೇ ನನ್ನನ್ನು ಶರಾವತಿಯ ಪಕ್ಕದ ಒಂದು ಹಳ್ಳಿಗೆ ಕಳಿಸಿದರು. ಅಣೆಕಟ್ಟೆಯ ನೀರು ನಿಲ್ಲುವ ಜಾಗದ ಊರುಗಳನ್ನೆಲ್ಲ ಎಬ್ಬಿಸುತ್ತಿದ್ದ ಕಾಲ ಅದು. ಹೊರಟುನಿಂತ ಹೆಂಗಸರಿಗೆ ಹೊಸ ಜಾಗದಲ್ಲಿ ಕೈತೋಟ ಹಾಕುವ ಬಗ್ಗೆ ಹೇಳಿಬನ್ನಿ ಅಂತ ಆಫೀಸಿನಲ್ಲಿ ನನಗೊಂದು ಬಣ್ಣದ ಚಾರ್ಟು ಕೊಟ್ಟಿದ್ದರು. ಮೇಲೆ ದೊಡ್ಡದೊಂದು ಕುಂಬಳಕಾಯಿ, ಪಕ್ಕದಲ್ಲಿ ನಗುತ್ತಿರುವ ಮಗು. ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದೆ.

ಹೋದರೆ, ಒಂದು ಮನೆಯ ಮುಂದೆ ಲಾರಿ ನಿಂತಿದೆ. ಪಾತ್ರೆ, ಒನಕೆ, ತೊಟ್ಟಿಲು ಎಲ್ಲ ಏರಿಸಿಯಾಗಿದೆ. ಮನೆಯೊಡತಿ ಮಾತ್ರ ಒಳಗೆ ಕಸ ಗುಡಿಸುತ್ತಿದ್ದಾಳೆ.

“ಅಲ್ಲ ಅಕ್ಕ, ಮುಳುಗೋ ಮನೆ. ಯಾಕೆ ಗುಡಿಸ್ತಿದೀರಿ?” ಅಂದೆ.

“ಹಂಗೇ ಬಿಟ್ಟು ಹೋಗಕ್ಕೆ ಬತ್ತದಾ ಅಮ್ಮಾ?” ಅಂದಳು. ಮೂಲೆಮೂಲೆ ಗುಡಿಸಿದಳು. ಕಸ ಎತ್ತಿ ಹೊರಗೆ ಹಾಕಿ ಬಂದಳು. ಆಮೇಲೆ ಹೊಸ್ತಿಲ ಮೇಲೆ ಕೂತು, ಬಾಗಿಲ ಚೌಕಟ್ಟನ್ನು ಅಪ್ಪಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಅತ್ತಳು. ಅಕ್ಕಪಕ್ಕದವರು ಬಂದು ಅವಳ ಸುತ್ತ ಕೂತು ಅತ್ತರು. ಲಾರಿಯ ಡ್ರೈವರ್ ಕೂಡ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ನಾನೊಬ್ಬಳು ಕುಂಬಳಕಾಯಿಯ ಚಾರ್ಟು ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ. ಆ ಹೆಂಗಸನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ನಂಬುತ್ತೀರಾ? ಅವಳು ಅತ್ತು ಮುಗಿಸಿ, ಮುಖ ತೊಳೆದುಕೊಂಡು, ಲಾರಿ ಹತ್ತಿ ಹೋದಳು. ನಾನು ಚಾರ್ಟನ್ನು ಬಿಚ್ಚದೆಯೇ ವಾಪಸ್ಸು ಬಂದೆ.

ಆ ಭಾನುವಾರ ಸಾಗರದಲ್ಲಿ ಸತ್ಯವೇದ, ಅಂದರೆ ಬೈಬಲ್, ಓದುವ ಸರದಿ ನನ್ನದಾಗಿತ್ತು. ಇದನ್ನು ಓದಿ, ಆರಾಧನೆ ಮುಗಿದ ಮೇಲೆ ಇನ್ನು ಬರುವುದಿಲ್ಲ ಅಂತ ಹೇಳಿಬಿಡುವುದು ಅಂತ ಎದ್ದುನಿಂತೆ. ಆ ದಿನದ ಭಾಗ ಯೇಸುಸ್ವಾಮಿಯ ಸ್ನೇಹಿತ ಸತ್ತುಹೋದ ಸಂಗತಿ. ನಾನು ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೆನೋ. ಸತ್ತವನನ್ನು ಕೊನೆಗೆ ಸ್ವಾಮಿ ಎಬ್ಬಿಸುತ್ತಾನೆ. ಅಪ್ಪ ಯಾವಾಗಲೂ ಅಲ್ಲಿಗೇ ಓಡುತ್ತಿದ್ದರು, ನಾವೂ ಓಡುತ್ತಿದ್ದೆವು. ಆದರೆ ಎಬ್ಬಿಸುವುದಕ್ಕೆ ಮೊದಲು ಸ್ವಾಮಿ ಸಮಾಧಿಯ ಹತ್ತಿರ ಬರುತ್ತಾನೆ, ಸತ್ತವನ ಅಕ್ಕತಂಗಿಯರು ಅಳುವುದನ್ನು ನೋಡುತ್ತಾನೆ, ನೋಡಿ ತಾನೂ ಅಳುತ್ತಾನೆ. ಒಂದು ಚಿಕ್ಕ ಸಾಲು.

ಆ ಸಾಲನ್ನು ಓದಿದೆ. ಮುಂದಿನ ಸಾಲಿಗೆ ದನಿ ಬರಲಿಲ್ಲ.

ಇನ್ನು ಸ್ವಲ್ಪ ಹೊತ್ತಿಗೆ ಸ್ನೇಹಿತ ಎದ್ದು ಬರುತ್ತಾನೆ ಅಂತ ಗೊತ್ತಿದ್ದವನು, ಎಬ್ಬಿಸುವ ಶಕ್ತಿ ತನ್ನ ಕೈಯಲ್ಲೇ ಇದ್ದವನು ನಿಂತು ಅತ್ತ. ನಾನು ಅಪ್ಪನ ಗುಂಡಿಯ ಪಕ್ಕದಲ್ಲಿ ಒಂದು ಹನಿ ಹಾಕದೆ ಸ್ವರ ತಪ್ಪದ ಹಾಗೆ ಹಾಡಿ, ಆತನಿಗಿಂತ ದೊಡ್ಡ ವಿಶ್ವಾಸಿ ಆಗಲು ಹೊರಟಿದ್ದೆ! ಒಳಗೆ ಎಷ್ಟೋ ಕಾಲದಿಂದ ಕೂತಿದ್ದದ್ದು ಒಮ್ಮೆಗೇ ಮೇಲೆದ್ದು ಬಂತು. ಹೊಸ್ತಿಲ ಮೇಲೆ ಆ ಹೆಂಗಸು ಅತ್ತ ಹಾಗೆಯೇ, ಪುಸ್ತಕವನ್ನು ಎದೆಗೆ ಅವಚಿಕೊಂಡು ಜೋರಾಗಿ ಅತ್ತೆ.

ಮುಂದಿನ ಜಗಲಿಯಲ್ಲಿ ಟಕ್ ಟಕ್ ಅನ್ನುತ್ತಿದ್ದ ಉಳಿಯ ಸದ್ದು ನಿಂತಿತು. ಸಮಾಧಾನಪ್ಪನವರು ಈಗ ಗಂಟಲು ಸರಿಮಾಡಿಕೊಳ್ಳುತ್ತಾರೆ, ಈಗ ‘ಆಮೆನ್’ ಅನ್ನುತ್ತಾರೆ ಅಂತ ಅಷ್ಟು ಅಳುವಿನಲ್ಲೂ ನಾನು ಕಾಯುತ್ತಿದ್ದೆ. ಅನ್ನಲಿಲ್ಲ. ಅವರ ಹೆಂಡತಿ ಹಾರ್ಮೋನಿಯಂ ಬಿಟ್ಟು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟು ನಿಂತರು. ಎಷ್ಟೋ ಹೊತ್ತಾದ ಮೇಲೆ ಮುಖ ಎತ್ತಿದರೆ, ಬಸ್ಸಿಗೂ ಕಾಯದ ಆ ಮನುಷ್ಯ ಗಡಿಯಾರವನ್ನು ಬಿಚ್ಚಿ ಜೇಬಿನೊಳಗೆ ಹಾಕಿಕೊಂಡು ತಲೆ ತಗ್ಗಿಸಿ ನಿಂತಿದ್ದರು.

“ಓದಬೇಡಿ, ಇವತ್ತಿಗೆ ಇಷ್ಟು ಸಾಕು,” ಅಂದರು. “ಏನಾದ್ರೂ ಹೇಳೋದಿದ್ರೆ ಆತನಿಗೆ ಹೇಳಿ.”

ಕಣ್ಣು ಮುಚ್ಚಿದೆ. ಅರಸರು ಬರಲಿಲ್ಲ, ಮಂತ್ರಿಗಳು ಬರಲಿಲ್ಲ. “ಸ್ವಾಮೀ, ನಂಗೆ ನಮ್ಮಪ್ಪ ಬೇಕಿತ್ತು. ನೀನು ಕರಕೊಂಡೆ. ನಂಗೆ ನಿನ್ನ ಮೇಲೆ ಸಿಟ್ಟಿದೆ. ನನ್ನ ಬಿಡಬೇಡ,” ಅಂದೆ. ಅಷ್ಟೇ. ನಾನು ನನ್ನ ಬಾಯಿಂದ ಮಾಡಿದ ಮೊದಲ ಪ್ರಾರ್ಥನೆ ಅದು. ಮಿಂಚು ಹೊಡೆಯಲಿಲ್ಲ, ಬೆಳಕು ಕಾಣಲಿಲ್ಲ. ಆದರೆ ಮಾತು ಗೋಡೆಗೆ ತಗುಲಿ ಕೆಳಗೆ ಬೀಳಲಿಲ್ಲ. ಯಾರೋ ಕೇಳಿಸಿಕೊಂಡರು. ಅದು ಹೇಗೆ ಗೊತ್ತಾಯಿತು ಅಂದರೆ ಹೇಳಲಾರೆ. ಕತ್ತಲೆಯ ಕೋಣೆಯಲ್ಲಿ ಇನ್ನೊಬ್ಬರು ಇರುವುದು ನಮಗೆ ಹೇಗೆ ಗೊತ್ತಾಗುತ್ತದೋ ಹಾಗೆ.

ಹೊರಗೆ ಬಂದಾಗ ಗುಡಿಗಾರರ ಹಿರಿಯರು ಕೆತ್ತನೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

“ಯಾರಾದ್ರೂ ಹೋದ್ರಾ ತಾಯಿ?” ಎಂದರು.

“ನಮ್ಮಪ್ಪ.”

“ಯಾವಾಗ?”

“ಎರಡು ವರ್ಷದ ಮೇಲಾಯ್ತು.”

ನನಗೆ ನಾಚಿಕೆಯಾಯಿತು. ಅವರು ಮಾತ್ರ ಇದರಲ್ಲೇನೂ ವಿಶೇಷವಿಲ್ಲ ಅನ್ನುವಂತೆ ತಲೆಯಾಡಿಸಿ, “ಹ್ಞೂಂ, ಕೆಲವಕ್ಕೆ ಹೊತ್ತು ಹಿಡೀತದೆ,” ಎಂದು ಉಳಿ ಎತ್ತಿಕೊಂಡರು.

ಮಧ್ಯಾಹ್ನ ಸಮಾಧಾನಪ್ಪನವರ ಮನೆಯಲ್ಲಿ ಊಟ. ನಾನು ಅನ್ನ ಹಾಕಿಸಿಕೊಂಡೆ, ಮತ್ತೆ ಹಾಕಿಸಿಕೊಂಡೆ, ಮತ್ತೂ ಹಾಕಿಸಿಕೊಂಡೆ. ಅವರ ಹೆಂಡತಿ ತಮ್ಮ ಪಾಲಿಗೆ ಮತ್ತೆ ಒಲೆ ಹಚ್ಚಬೇಕಾಯಿತು. ಸಮಾಧಾನಪ್ಪನವರು ತಟ್ಟೆಯನ್ನೇ ನೋಡುತ್ತಿದ್ದವರು, “ಪವಿತ್ರಾತ್ಮ ಇಳಿದು ಬಂದ್ರೆ ಇಷ್ಟು ಹಸಿವಾಗ್ತದೆ ಅಂತ ನನಗೆ ಯಾವ ಅಯ್ಯನವರೂ ಹೇಳಿರಲಿಲ್ಲ,” ಅಂದರು. ಇನ್ನು ಬರುವುದಿಲ್ಲ ಅಂತ ಹೇಳುವ ವಿಚಾರ ನೆನಪಾದದ್ದು ಬಸ್ಸು ಹೊಸನಗರ ಮುಟ್ಟಿದ ಮೇಲೆ.

ಎಲ್ಲ ಆ ಒಂದೇ ದಿನ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಅದಾದ ಮೇಲೂ ಎಷ್ಟೋ ದಿನ ಸುಮ್ಮನೆ ಅಳು ಬರುತ್ತಿತ್ತು, ಬಸ್ಸಿನಲ್ಲೂ, ಆಫೀಸಿನಲ್ಲೂ. ಆದರೆ ಅದು ಮಳೆ ಬಿದ್ದ ಹಾಗಿತ್ತು, ಒಣಗಿದ್ದ ಹಾಗಲ್ಲ. ಅಪ್ಪ ಆಕಾಶ ಭೂಮಿಯಿಂದ ಶುರುಮಾಡುತ್ತಿದ್ದರು. ನಾನು ಆ ದಿನದ ಕಾಲುನೋವಿನಿಂದ ಶುರುಮಾಡುವುದನ್ನು ಕಲಿತೆ. ಹಾಗೆ ಹೊರಟರೂ ಆಕಾಶ ಭೂಮಿಯ ತನಕ ಹೋಗಬಹುದು ಅಂತ ನಿಧಾನವಾಗಿ ತಿಳಿಯಿತು. ಎಬ್ಬಿಸಿದ ಊರಿನವರು ಹೊಸ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದಲ್ಲಿಗೆ ಮತ್ತೆ ಹೋಗಿ ಆ ಹೆಂಗಸನ್ನು ಹುಡುಕಿದೆ. ಈ ಸಲ ಚಾರ್ಟು ಒಯ್ಯಲಿಲ್ಲ. ಅವಳು ಹಳೆಯ ಮನೆಯ ಸುದ್ದಿ ಹೇಳಿದಳು, ನಾನು ಅಪ್ಪನ ಸುದ್ದಿ ಹೇಳಿದೆ. ಇಬ್ಬರೂ ಅತ್ತೆವು, ಅವಲಕ್ಕಿ ತಿಂದೆವು. ಕೈತೋಟದ ವಿಷಯವನ್ನು ಕೊನೆಗೆ ಅವಳೇ ಕೇಳಿದಳು.

ಆಮೇಲೆ ಬೇರೆ ಬೇರೆ ಊರಿಗೆ ವರ್ಗವಾಯಿತು, ಬೆಂಚಿರುವ, ಗಂಟೆಯಿರುವ ದೇವಾಲಯಗಳಲ್ಲಿ ಕೂತೆ. ಖಾಲಿ ಅನ್ನಿಸುವ ದಿನಗಳು ಮತ್ತೆಯೂ ಬಂದವು. ಆದರೆ ಅವು ಬಂದರೆ ಈಗ ನಾನು ಗಾಬರಿಯಾಗುವುದಿಲ್ಲ, ಡಬ್ಬಿ ತಡಕುವುದಿಲ್ಲ. ಇದ್ದದ್ದನ್ನು ಇದ್ದಹಾಗೆ ಆತನಿಗೆ ಹೇಳಿ ಸುಮ್ಮನೆ ಕೂರುತ್ತೇನೆ. ಕೂತಷ್ಟೂ ಹೊತ್ತು ಒಬ್ಬಳೇ ಕೂತಿದ್ದೇನೆ ಅನ್ನಿಸುವುದಿಲ್ಲ.

ಇದು ಮೊದಲು ಗೊತ್ತಾದದ್ದು ಗಂಗಕ್ಕನಿಗೆ. ಸಾಗರದಲ್ಲಿ ಹಾಗಾದ ಕೆಲವು ವಾರಗಳ ಮೇಲೆ, ಒಂದು ಸಂಜೆ ಕೋಣೆಯಲ್ಲಿ ಕೂತಿದ್ದೆ. ಬಾಗಿಲು ತಳ್ಳಿಕೊಂಡು ಗಂಗಕ್ಕ ಬಂದಳು. ಹೊಸ ಸೀರೆ ಉಟ್ಟಿದ್ದಳು, ತಲೆ ಬಾಚಿದ್ದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಲೋಟ ಕಾಫಿ. ಒಳಗೆಲ್ಲ ಕಣ್ಣಾಡಿಸಿದಳು.

“ಎಲ್ಲಿ ನೆಂಟರು?”

“ಯಾರೂ ಬಂದಿಲ್ವಲ್ಲ ಗಂಗಕ್ಕ.”

“ಎಂತ ಯಾರೂ ಬಂದಿಲ್ಲ? ಆಗಿಂದ ಮಾತಾಡ್ತಿದ್ರಿ. ಗೋಡೆ ಆಚೆ ಕೇಳಿಸ್ತಿತ್ತು. ಬಸ್ಸು ಕೆಟ್ಟಿದ್ದು, ಬೀನ್ಸು ಹುಳ ತಿಂದಿದ್ದು, ನಿಮ್ಮಪ್ಪನ ವಿಷಯ... ಒಂದ್ಸಲ ನಕ್ಕಿದ್ದೂ ಕೇಳ್ತು.”

“ಪ್ರಾರ್ಥನೆ ಮಾಡ್ತಿದ್ದೆ,” ಅಂದೆ.

ಗಂಗಕ್ಕ ನನ್ನನ್ನು ನೋಡಿದಳು. ಆಮೇಲೆ ಖಾಲಿ ಚಾಪೆಯ ಕಡೆ ನೋಡಿದಳು.

“ಹೌದನಾ! ನಾನು ಯಾರೋ ತೀರಾ ಹತ್ರದೋರೇ ಬಂದಿದಾರೆ ಅಂದ್ಕಂಡೆ.”

ಸೆರಗನ್ನು ಸರಿಮಾಡಿಕೊಂಡು, ತಟ್ಟೆಯನ್ನು ಮೆತ್ತಗೆ ನೆಲದ ಮೇಲಿಟ್ಟಳು. ಒಂದು ಲೋಟವನ್ನಾದರೂ ವಾಪಸ್ಸು ಒಯ್ಯುತ್ತಾಳೆ ಅಂದುಕೊಂಡೆ. ಒಯ್ಯಲಿಲ್ಲ. “ಮಾತಾಡ್ಕಂಡು ಕುಡೀರಿ,” ಎಂದು ಹೇಳಿ, ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಹೋದಳು.

ಆರಿಹೋಗುವ ಮೊದಲು ಎರಡನ್ನೂ ನಾನೇ ಕುಡಿದೆ.